ರೋಬೋಟ್‌ನ ಮೈ ಹೋಯಿತು, ಮಾತಿನ ಸರದಿ ಉಳಿಯಿತು

ರೋಬೋಟ್ ಪ್ರಯೋಗಾಲಯದಲ್ಲಿ ಪಳಗಿ ಸಂಭಾಷಣಾ ಎಐ ಕಡೆಗೆ ಹೊರಳುವ ದಾರಿ ಈಗ ಮೈಸೂರು, ಮಂಡ್ಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆಯೂ ಇದೆ. ಹಾಗೆ ಹೊರಳುವವರು ರೋಬೋಟ್ ಮುಂದೆ ಕಲಿತದ್ದನ್ನು ಅಲ್ಲೇ ಬಿಟ್ಟುಬರಬಾರದು. ಯಾಕೆ ಎಂಬುದು ಮನುಷ್ಯ–ರೋಬೋಟ್ ಒಡನಾಟದ ಕ್ಷೇತ್ರ ನಡೆದುಬಂದ ಬಗೆಯಲ್ಲೇ ಇದೆ.

1966ರಲ್ಲಿ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ಪ್ರಕಟಿಸಿದ ಎಲೈಜಾ ಎಂಬ ಮಾತುಕತೆಯ ಪ್ರೋಗ್ರಾಂಗೆ ಮೈಯೂ ಇರಲಿಲ್ಲ, ದನಿಯೂ ಇರಲಿಲ್ಲ. ನಾವು ಟೈಪ್ ಮಾಡಿದ್ದನ್ನೇ ತಿರುಗಿಸಿ ಕೇಳುತ್ತಿತ್ತು. ಅದೇ ಎಂಐಟಿಯಲ್ಲಿ 1990ರ ದಶಕದ ಕೊನೆಗೆ ಸಿಂಥಿಯಾ ಬ್ರಝೀಲ್ ಕಟ್ಟಿದ ಕಿಸ್ಮೆಟ್ ಇದಕ್ಕೆ ತದ್ವಿರುದ್ಧ: ಕಣ್ಣು, ಹುಬ್ಬು, ಕಿವಿ, ತುಟಿ ಇದ್ದ ಲೋಹದ ತಲೆ. ಪದಗಳ ಅರ್ಥ ಅದಕ್ಕೆ ತಿಳಿಯದು. ದನಿಯ ಏರಿಳಿತದಿಂದ ಹೊಗಳಿಕೆಯೋ ಗದರಿಕೆಯೋ ಎಂದು ಗುರುತಿಸುತ್ತಿತ್ತು. ಆದರೂ ಎದುರು ಕೂತವರು ಅದರ ನೋಟ, ಹುಬ್ಬು ನೋಡಿ ತಮ್ಮ ಸರದಿ ಹಿಡಿಯುತ್ತಿದ್ದರು. ಇಂಥ ಕೆಲಸಗಳಿಂದ ಬೆಳೆದ ಕ್ಷೇತ್ರಕ್ಕೆ 2006ರಲ್ಲಿ ಎಚ್‌ಆರ್‌ಐ (ಹ್ಯೂಮನ್–ರೋಬೋಟ್ ಇಂಟರಾಕ್ಷನ್) ಎಂಬ ತನ್ನದೇ ಸಮ್ಮೇಳನ ಶುರುವಾಯಿತು.

ಮಾರುಕಟ್ಟೆ ಮಾತ್ರ ಕೈಹಿಡಿಯಲಿಲ್ಲ. ಬ್ರಝೀಲ್ ಅವರ ಮನೆ ರೋಬೋಟ್ ಜೀಬೋ 2014ರಲ್ಲಿ ಘೋಷಣೆಯಾಗಿ 2017ರಲ್ಲಿ ಗ್ರಾಹಕರ ಕೈಸೇರಿತು. 2019ರಲ್ಲಿ ಸರ್ವರ್ ನಿಲ್ಲುತ್ತದೆಂಬ ವಿದಾಯವನ್ನು ತಾನೇ ಹೇಳಿತು. ರೋಬೋಟ್ ಕಂಪನಿಗಳಾದ ರೀಥಿಂಕ್ ರೋಬೋಟಿಕ್ಸ್ 2018ರಲ್ಲಿ, ಆಂಕಿ 2019ರಲ್ಲಿ ಬಾಗಿಲು ಹಾಕಿದವು. ಮೋಟಾರು, ಗೇರು, ಬ್ಯಾಟರಿ ಎಲ್ಲ ದುಬಾರಿ. ಮಾತಿಗೆ ಉತ್ತರಿಸುವ ಸ್ಪೀಕರ್ ಆದ 2014ರ ಅಮೆಜಾನ್ ಎಕೋಗೆ ಬೇಕಾದದ್ದು ಬರೀ ಮೈಕ್, ಸ್ಪೀಕರ್, ಇಂಟರ್ನೆಟ್. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಎಚ್‌ಆರ್‌ಐ ಓದಿದವರಿಗೆ ಹೊಸ ಬಾಗಿಲು ತೆರೆಯಿತು.

ಅವರು ಜೊತೆಗೆ ತರುವ ದೊಡ್ಡ ಆಸ್ತಿ ಸಮಯದ ಅರಿವು. ಹತ್ತು ಭಾಷೆಗಳನ್ನು ಹೋಲಿಸಿದ 2009ರ ಅಧ್ಯಯನದ ಪ್ರಕಾರ ಹೌದು–ಅಲ್ಲ ಪ್ರಶ್ನೆಗೆ ಉತ್ತರ ಬರುವ ಸರಾಸರಿ ಅಂತರ ಸುಮಾರು 200 ಮಿಲಿಸೆಕೆಂಡ್. ಆ ಹತ್ತರಲ್ಲಿ ಕನ್ನಡ ಇರಲಿಲ್ಲ. ಫೋನ್ ಕರೆಗೆ ಉತ್ತರಿಸುವ ಧ್ವನಿ ಬಾಟ್ ಹೀಗೆ ನಡೆಯುತ್ತದೆ: ಮಾತು ಮುಗಿಯಿತೆಂದು ಖಚಿತಪಡಿಸಿಕೊಳ್ಳಲು 500–800 ಮಿಲಿಸೆಕೆಂಡ್ ಮೌನ ಕಾಯುವುದು, ಧ್ವನಿಯನ್ನು ಪಠ್ಯ ಮಾಡುವುದು, ಭಾಷಾ ಮಾದರಿಯಿಂದ ಉತ್ತರ ಪಡೆಯುವುದು, ಅದನ್ನು ಮತ್ತೆ ಧ್ವನಿಯಾಗಿಸುವುದು. ಎಲ್ಲ ಕೂಡಿದರೆ ಸುಲಭವಾಗಿ ಒಂದೂವರೆ ಸೆಕೆಂಡ್ ದಾಟುತ್ತದೆ. ಅಷ್ಟರಲ್ಲಿ ಕರೆ ಮಾಡಿದವರು 'ಹಲೋ? ಹಲೋ?' ಎನ್ನುತ್ತಾರೆ, ಬಾಟ್ ಅದನ್ನೇ ಹೊಸ ಪ್ರಶ್ನೆಯೆಂದು ಹಿಡಿದು ಮೊದಲ ಉತ್ತರ ಕೈಬಿಡುತ್ತದೆ. ರೋಬೋಟ್ ಆಗಿದ್ದರೆ ತಲೆ ವಾಲಿಸಿ 'ಯೋಚಿಸುತ್ತಿದ್ದೇನೆ' ಎಂದು ತೋರಿಸಬಹುದಿತ್ತು. ಮೈ ಇಲ್ಲದ ಕಡೆ ಆ ಕೆಲಸವನ್ನು 'ಹ್ಞಾಂ, ನೋಡ್ತೀನಿ' ಎಂಬ ಚಿಕ್ಕ ಧ್ವನಿ ಮಾಡಬೇಕು. ಅದನ್ನು ಮೊದಲೇ ಧ್ವನಿಮುದ್ರಿಸಿ ಇಟ್ಟುಕೊಂಡರೆ ತಡವಾಗದು.

ಕಾಯುವ ಸಮಯವನ್ನು ಕಣ್ಣುಮುಚ್ಚಿ ಇಳಿಸಿದರೂ ಕೆಡುತ್ತದೆ. ಮಂಡ್ಯದ ರೈತರೊಬ್ಬರು 'ಕಬ್ಬು ಕಡ್ಸಿ, ಗಾಡಿಗ್ ತುಂಬ್ಸಿ...' ಎಂದು ಉಸಿರೆಳೆದುಕೊಂಡಾಗ ಬಾಟ್ ನಡುವೆ ಬಾಯಿ ಹಾಕುತ್ತದೆ. ಆದರೆ ಕನ್ನಡವೇ ಇಲ್ಲಿ ನೆರವಿಗಿದೆ: 'ತುಂಬ್ಸಿ' ಎಂದರೆ ಮಾತು ಇನ್ನೂ ಇದೆ, 'ತುಂಬ್ಸ್ದೆ' ಎಂದರೆ ಬಹುತೇಕ ಮುಗಿದಿದೆ. ಕೊನೆಯ ಪದ ಪೂರ್ಣ ಕ್ರಿಯಾಪದವಾದರೆ 300 ಮಿಲಿಸೆಕೆಂಡ್, ಇಲ್ಲವಾದರೆ ಒಂದು ಸೆಕೆಂಡ್ ಕಾಯುವಂತೆ ಹೊಂದಿಸಿ ಪರೀಕ್ಷೆ ಆರಂಭಿಸಬಹುದು. ಫೋನ್ ನಂಬರ್ ಹೇಳಿಸುವಾಗ ಇನ್ನೂ ಹೆಚ್ಚು ಬೇಕು. ಐದು ಅಂಕಿ ಹೇಳಿ ನಿಲ್ಲುವವರೇ ಜಾಸ್ತಿ.

ಬಾಟ್ ಮಾತಾಡುವಾಗ ಜನ 'ಹ್ಞೂಂ', 'ಹೌದಾ' ಎನ್ನುವುದು ಕೇಳುತ್ತಿದ್ದೇವೆ ಎಂಬ ಸೂಚನೆ. ಅದಕ್ಕೆ ಮಾತು ನಿಲ್ಲಿಸಬಾರದು. ಸ್ಪೀಕರ್‌ಫೋನ್‌ನಲ್ಲಿ ಬಾಟ್‌ನ ದನಿ ಅದರ ಕಿವಿಗೇ ಮರಳಿ, ತನ್ನನ್ನು ತಾನೇ ತಡೆದುಕೊಳ್ಳುವುದೂ ಉಂಟು. ಪ್ರತಿಧ್ವನಿ ತೆಗೆಯುವ ಹಂತ ಸರಿಯಿಲ್ಲದಿದ್ದರೆ ಹೀಗಾಗುತ್ತದೆ.

ಫೋನ್ ಧ್ವನಿಯ ತೊಡಕು ಬೇರೆ. ಹಳೆಯ ಬಗೆಯ ಕರೆಯಲ್ಲಿ ಧ್ವನಿಯನ್ನು ಅಳೆದು ದಾಖಲಿಸುವ ದರ (ಸ್ಯಾಂಪ್ಲಿಂಗ್) 8 ಕಿಲೋಹರ್ಟ್ಸ್, ಮಾತು ಗುರುತಿಸುವ ಮಾದರಿಗಳು ಸಾಮಾನ್ಯವಾಗಿ 16ರಲ್ಲಿ ಕಲಿತವು. ಧ್ವನಿ ಉಳಿಯುವುದು ಆ ದರದ ಅರ್ಧದವರೆಗೆ ಮಾತ್ರ. 8ನ್ನು 16ಕ್ಕೆ ಏರಿಸಿದರೂ 4 ಕಿಲೋಹರ್ಟ್ಸ್ ಮೇಲಿನ ಧ್ವನಿ ಮರಳದು. ಸ, ಶ ಕಲಸಿಹೋಗುತ್ತವೆ. ತರಬೇತಿಯ ಧ್ವನಿಯನ್ನೇ 8ಕ್ಕೆ ಇಳಿಸಿ ಕಲಿಸುವುದು ಉತ್ತಮ. ಪದ ತಪ್ಪಿನ ಲೆಕ್ಕವನ್ನೂ ನಂಬಿ ಕೂರುವಂತಿಲ್ಲ: 'ಬರ್ತಾಯಿದೀನಿ' ಒಂದೇ ಪದವೋ ಎರಡೋ ಎಂಬುದರ ಮೇಲೆ ಅಂಕ ಏರಿಳಿಯುತ್ತದೆ. ಅಕ್ಷರ ತಪ್ಪಿನ ಪ್ರಮಾಣ, ಅದಕ್ಕಿಂತ ಕರೆ ಮಾಡಿದವರ ಕೆಲಸ ಆಯಿತೇ ಎಂಬುದು ಮುಖ್ಯ.

ಈ ಕೆಲಸಕ್ಕೆ ಮೈಸೂರಿನಷ್ಟು ಹೊಂದುವ ಊರು ಅಪರೂಪ. ಮಾನಸಗಂಗೋತ್ರಿಯ ಆಸುಪಾಸಿನಲ್ಲೇ 1969ರ ಭಾರತೀಯ ಭಾಷಾ ಸಂಸ್ಥಾನವಿದೆ, 1965ರ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ತೊದಲುವವರ ಮಾತಿನ ನಡುವೆ ಒಂದು ಸೆಕೆಂಡಿಗೂ ಮೀರಿದ ತಡೆ ಬರಬಹುದು; ಮೌನವನ್ನಷ್ಟೇ ಅಳೆಯುವ ಬಾಟ್ ಅವರನ್ನು ಪ್ರತಿ ಸಲ ಕತ್ತರಿಸುತ್ತದೆ. ವಾಕ್ ತಜ್ಞರನ್ನು ವಿನ್ಯಾಸದ ಹಂತದಲ್ಲೇ ಕೂರಿಸಿಕೊಳ್ಳಬೇಕು, ದೂರು ಬಂದ ಮೇಲಲ್ಲ.

ಆರಂಭಕ್ಕೆ ಎಚ್‌ಆರ್‌ಐನ ಹಳೆಯ ವಿಧಾನವೇ ಸಾಕು: ಮಾದರಿ ಕಟ್ಟುವ ಮೊದಲು ಮರೆಯಲ್ಲಿ ಒಬ್ಬರು ಕೂತು ಬಾಟ್ ಬದಲು ಉತ್ತರಿಸುವುದು. ಅನುಮತಿ ಪಡೆದು, ಪ್ರಯೋಗದ ನಂತರ ವಿಷಯ ತಿಳಿಸಿ, 20–30 ಕರೆ ಮುದ್ರಿಸಿಕೊಳ್ಳಿ. ಎರಡು ಕಡೆಯ ಧ್ವನಿಯನ್ನು ಬೇರೆ ಬೇರೆ ಚಾನೆಲ್‌ನಲ್ಲೇ ಇಡಿ. ಒಂದರಲ್ಲಿ ಬೆರೆಸಿದರೆ ಯಾರು ಯಾರ ಮಾತಿನ ಮೇಲೆ ಬಿದ್ದರೆಂದು ಆಮೇಲೆ ಬಿಡಿಸುವುದು ಬಹಳ ಕಷ್ಟ.