ಆಟಗಾರರು ಆರಿಸಿದ ಕೌನ್ಸಿಲ್‌ಗೆ ನಿಜಕ್ಕೂ ಎಷ್ಟು ಅಧಿಕಾರ? ಈವ್ ಆನ್‌ಲೈನ್ ಇಟ್ಟುಕೊಂಡು ಒಂದು ಟಿಪ್ಪಣಿ

ಈ ವಿಷಯ ಓದಲು ಶುರು ಮಾಡುವವರು ಮೊದಲು ಈವ್ ಆನ್‌ಲೈನ್ ಕಡೆ ನೋಡಬೇಕು. ಐಸ್‌ಲ್ಯಾಂಡ್‌ನ ಸಿಸಿಪಿ ಗೇಮ್ಸ್ ಕಂಪನಿ 2003ರ ಮೇ ತಿಂಗಳಲ್ಲಿ ಬಿಡುಗಡೆ ಮಾಡಿದ ಬಾಹ್ಯಾಕಾಶದ ಆಟ ಇದು. ಇಂಥ ಎಷ್ಟೋ ಆಟಗಳು ಆಟಗಾರರನ್ನು ಬೇರೆ ಬೇರೆ ಸರ್ವರ್‌ಗಳಿಗೆ ಹಂಚಿಬಿಡುತ್ತವೆ. ಈವ್‌ನಲ್ಲಿ ಹಾಗಿಲ್ಲ. ಚೀನಾದ ಸರ್ವರ್ ಬಿಟ್ಟರೆ ಎಲ್ಲರೂ ಇರುವುದು ಒಂದೇ ಲೋಕದಲ್ಲಿ. ಗಣಿ ಅಗೆಯುವವರು, ಹಡಗು ಕಟ್ಟುವವರು, ಸರಕು ಸಾಗಿಸುವವರು, ಅವರನ್ನು ದಾರಿಯಲ್ಲಿ ದೋಚುವವರು, ಸಾವಿರಾರು ಜನರ ಒಕ್ಕೂಟ ಕಟ್ಟಿ ಯುದ್ಧ ಮಾಡುವವರು ಎಲ್ಲರದ್ದೂ ಒಂದೇ ಮಾರುಕಟ್ಟೆ.

ಇದರಿಂದ ಏನಾಗುತ್ತದೆ ನೋಡಿ. ಡೆವಲಪರ್ ಒಂದು ಹಡಗಿನ ಬಲವನ್ನು ಸ್ವಲ್ಪ ಇಳಿಸಿದರೆ ಅದನ್ನು ಹಾರಿಸುವವರಿಗಷ್ಟೇ ತೊಂದರೆ ಆಗುವುದಿಲ್ಲ. ಅದನ್ನು ಕಟ್ಟುವವರ ಲಾಭ ಇಳಿಯುತ್ತದೆ. ಅದಕ್ಕೆ ಬೇಕಾದ ಅದಿರಿನ ಬೆಲೆ ಇಳಿಯುತ್ತದೆ. ಎಲ್ಲೋ ಎರಡು ಒಕ್ಕೂಟಗಳ ನಡುವಿನ ಯುದ್ಧದ ಲೆಕ್ಕಾಚಾರವೇ ಬದಲಾಗುತ್ತದೆ. ವರ್ಷಗಟ್ಟಲೆ ಆ ಲೋಕದಲ್ಲೇ ಓಡಾಡಿದವರಿಗೆ ಇದೆಲ್ಲ ಮುಂಚೆಯೇ ಕಾಣುತ್ತದೆ. ಕಚೇರಿಯಲ್ಲಿ ಕೂತು ಕೋಡ್ ಬರೆಯುವವರಿಗೆ ಕಾಣಲೇಬೇಕು ಅಂತೇನಿಲ್ಲ.

ಅಂಥವರ ಸಲಹೆ ಕೇಳಲು ಒಂದು ಕೌನ್ಸಿಲ್ ಇದೆ. ಅದು ಹುಟ್ಟಿದ್ದು ಮಾತ್ರ ಇಷ್ಟು ಶಾಂತವಾದ ಕಾರಣಕ್ಕಲ್ಲ. 2007ರಲ್ಲಿ ಒಬ್ಬ ಡೆವಲಪರ್ ತಾನು ಸೇರಿಕೊಂಡಿದ್ದ ಆಟಗಾರರ ಗುಂಪಿಗೆ ಬೆಲೆಬಾಳುವ ಬ್ಲೂಪ್ರಿಂಟ್‌ಗಳನ್ನು, ಅಂದರೆ ಆಟದಲ್ಲಿ ವಸ್ತು ತಯಾರಿಸಲು ಬೇಕಾದ ನಕ್ಷೆಗಳನ್ನು, ಒದಗಿಸಿದ್ದು ಬಯಲಾಯಿತು. ಆ ಗುಂಪು ಆಗ ಆಟದ ಅತಿ ಬಲಶಾಲಿ ಒಕ್ಕೂಟಗಳಲ್ಲಿ ಒಂದು. ಅಂಪೈರ್ ಒಂದು ತಂಡದ ಪರ ಆಡಿದಂತಾಯಿತು, ಅಲ್ವಾ? ಕಂಪನಿ ತನ್ನ ನೌಕರರ ಮೇಲೆ ಕಣ್ಣಿಡಲು ಒಳಗಿನ ತನಿಖಾ ವಿಭಾಗ ಮಾಡಿತು. ಮುಂದಿನ ವರ್ಷ, 2008ರಲ್ಲಿ, ಆಟಗಾರರು ಮತ ಹಾಕಿ ಆರಿಸಿದ 9 ಜನರ ಕೌನ್ಸಿಲ್ ಬಂತು. ಹೆಸರು ಕೌನ್ಸಿಲ್ ಆಫ್ ಸ್ಟೆಲ್ಲರ್ ಮ್ಯಾನೇಜ್‌ಮೆಂಟ್. ಎಲ್ಲರೂ ಕರೆಯುವುದು ಸಿಎಸ್ಎಂ ಎಂದೇ. ಮೊದಲಿಗೆ ಅವಧಿ ಆರು ತಿಂಗಳು, ಆಮೇಲೆ ಒಂದು ವರ್ಷವಾಯಿತು. ಸದಸ್ಯರ ಸಂಖ್ಯೆ, ಮತದಾನದ ರೀತಿ ಕೂಡ ಹಲವು ಸಲ ಬದಲಾಗಿವೆ. ಆಯ್ಕೆಯಾದವರನ್ನು ಕಂಪನಿ ತನ್ನ ಖರ್ಚಿನಲ್ಲಿ ಐಸ್‌ಲ್ಯಾಂಡ್ ರಾಜಧಾನಿ ರೇಕ್ಯಾವಿಕ್‌ಗೆ ಕರೆಸಿ ಡೆವಲಪರ್‌ಗಳ ಜೊತೆ ಕೂರಿಸುತ್ತದೆ. ಆ ಸಭೆಗಳ ನಡಾವಳಿ ಬರೆದು ಎಲ್ಲ ಆಟಗಾರರಿಗೂ ಪ್ರಕಟಿಸುವ ರೂಢಿಯೂ ಬೆಳೆಯಿತು.

ಅಧಿಕಾರ ಅಂದರೆ ಏನು

ಇಲ್ಲೇ ಹೊಸಬರು ಎಡವುವುದು. "ಕೌನ್ಸಿಲ್", "ಚುನಾವಣೆ" ಎಂಬ ಮಾತು ಕೇಳಿದ ತಕ್ಷಣ ಶಾಸನಸಭೆ ನೆನಪಾಗುತ್ತದೆ. ಆದರೆ ಸಿಎಸ್ಎಂ ಯಾವ ನಿಯಮವನ್ನೂ ಮಾಡುವುದಿಲ್ಲ. ಒಂದು ಪ್ಯಾಚನ್ನು, ಅಂದರೆ ಆಟಕ್ಕೆ ಕಂಪನಿ ತರುವ ಒಂದು ಬದಲಾವಣೆಯನ್ನು, ತಡೆಯಲೂ ಅದಕ್ಕೆ ಹಕ್ಕಿಲ್ಲ. ಸಲಹೆ ಕೊಡಬಹುದು, ಅಷ್ಟೇ. ಹಾಗಾದರೆ ಮತ ಯಾಕೆ? ಕಂಪನಿಯೇ ಹತ್ತು ಜನ ಬುದ್ಧಿವಂತರನ್ನು ಆರಿಸಿ ಕೇಳಬಹುದಿತ್ತಲ್ಲ?

ನನಗೆ ಕಾಣುವ ಉತ್ತರ ಇದು. ಕಂಪನಿ ಆರಿಸಿದವರು ಕಂಪನಿಗೆ ಋಣಿಗಳು. ಮತದಿಂದ ಬಂದವರು ಮತ ಹಾಕಿದವರಿಗೆ ಲೆಕ್ಕ ಕೊಡಬೇಕು. ಅವರು "ಇದು ಸರಿ ಇಲ್ಲ" ಎಂದರೆ ಆ ಮಾತಿನ ಹಿಂದೆ ಜನರಿದ್ದಾರೆ. "ಇದು ಸರಿ ಇದೆ, ನಾವೇ ನೋಡಿದ್ದೇವೆ" ಎಂದರೂ ಅಷ್ಟೇ ತೂಕ. ಅಂದರೆ ಕೌನ್ಸಿಲ್‌ನ ಬಂಡವಾಳ ಎರಡೇ: ಆಟದ ತಿಳಿವಳಿಕೆ ಮತ್ತು ಜನರ ನಂಬಿಕೆ. ಕಂಪನಿ ಕೇಳದಿದ್ದರೆ ಮೊದಲನೆಯದು ವ್ಯರ್ಥ. ಕೇಳಿದಂತೆ ನಟಿಸಿದರೆ ಎರಡನೆಯದೂ ಕರಗುತ್ತದೆ.

2011ರ ಬೇಸಿಗೆ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಇಡೀ ವಿಷಯ ಇದರಲ್ಲಿದೆ.

2011ರ ಜೂನ್‌ನಲ್ಲಿ ಇನ್‌ಕಾರ್ನಾ ಎಂಬ ದೊಡ್ಡ ಅಪ್‌ಡೇಟ್ ಬಂತು. ಆಟಗಾರರು ತಮ್ಮ ಪಾತ್ರಕ್ಕೆ ಬಟ್ಟೆಬರೆ ಕೊಳ್ಳಲು ಒಂದು ಅಂಗಡಿಯೂ ಅದರ ಜೊತೆಗೇ ಬಂತು. ಅಲ್ಲಿ ಒಂಟಿ ಕಣ್ಣಿನ ಕನ್ನಡಕವೊಂದರ ಬೆಲೆ ಲೆಕ್ಕ ಹಾಕಿದರೆ 60 ಡಾಲರ್‌ಗಿಂತ ಜಾಸ್ತಿ. ಅದೇ ಹೊತ್ತಿಗೆ ಕಂಪನಿಯ ಒಳಗಿನ ಪತ್ರಿಕೆ ಸೋರಿಕೆಯಾಯಿತು. ಹಣ ಕೊಟ್ಟವರಿಗೆ ಆಟದಲ್ಲೂ ಲಾಭವಾಗುವಂಥ ಸಾಮಾನು ಮಾರುವ ಮಾತು ಅದರಲ್ಲಿತ್ತು. ಆಟಗಾರರು ಸಿಟ್ಟಾದದ್ದು ಕನ್ನಡಕದ ಬೆಲೆಗೆ ಮಾತ್ರ ಅಂದುಕೊಳ್ಳಬೇಡಿ. ಇಂದು ಕನ್ನಡಕ, ನಾಳೆ ಗುಂಡು ಎಂಬ ಹೆದರಿಕೆ ಅದು. ಬೆವರು ಸುರಿಸಿ ಕಟ್ಟಿದ್ದನ್ನು ದುಡ್ಡಿರುವವನು ಒಂದೇ ಏಟಿಗೆ ಉರುಳಿಸುವಂತಾದರೆ ಆ ಲೋಕಕ್ಕೆ ಅರ್ಥವೇ ಇರುವುದಿಲ್ಲ.

ಆಟದೊಳಗೇ ಪ್ರತಿಭಟನೆ ನಡೆಯಿತು. ಜೀಟಾ ಎಂಬ ಮುಖ್ಯ ವ್ಯಾಪಾರ ಕೇಂದ್ರದಲ್ಲಿ ಜನ ಗುಂಪುಗೂಡಿ ಅಲ್ಲಿದ್ದ ಸ್ಮಾರಕದ ಮೇಲೆ ಗುಂಡು ಹಾರಿಸುತ್ತಾ ನಿಂತರು. ಎಷ್ಟೋ ಜನ ಚಂದಾ ನಿಲ್ಲಿಸಿದರು. ಕಂಪನಿ ಕೌನ್ಸಿಲ್ ಸದಸ್ಯರನ್ನು ತುರ್ತಾಗಿ ರೇಕ್ಯಾವಿಕ್‌ಗೆ ಕರೆಸಿತು. ಜುಲೈ ಶುರುವಿನಲ್ಲಿ ಕಂಪನಿ ಮತ್ತು ಕೌನ್ಸಿಲ್ ಸೇರಿ ಹೇಳಿಕೆ ಕೊಟ್ಟರು: ಆಟದ ಗೆಲುವು ಸೋಲು ಬದಲಿಸುವ ವಸ್ತುಗಳನ್ನು ಮಾರುವ ಯೋಜನೆ ಇಲ್ಲ.

ಈ ಹೇಳಿಕೆಯನ್ನು ಕಂಪನಿ ಒಂದೇ ಕೊಟ್ಟಿದ್ದರೆ? ಆ ವಾರ ಅದರ ಮಾತನ್ನು ನಂಬುವವರು ತೀರಾ ಕಡಿಮೆ. ಒಳಗೆ ಹೋಗಿ ಪ್ರಶ್ನೆ ಕೇಳಿ ಬಂದ ಆಟಗಾರರೇ ಜೊತೆಗೆ ನಿಂತು ಹೇಳಿದ್ದರಿಂದ ಬೆಂಕಿ ಸ್ವಲ್ಪ ತಗ್ಗಿತು. ಕೌನ್ಸಿಲ್‌ಗೆ ತಡೆಯುವ ಹಕ್ಕಿಲ್ಲದಿದ್ದರೂ ಅದರ ಸಹಿಗೆ ಬೆಲೆ ಇದೆ ಎಂದು ನಾನು ಹೇಳುವುದು ಇದಕ್ಕೇ.

ಆದರೆ ಮಾತು ಸಾಲುವುದಿಲ್ಲ. ಅಕ್ಟೋಬರ್‌ನಲ್ಲಿ ಸಿಇಒ ಹಿಲ್ಮರ್ ವೀಗರ್ ಪೀಟರ್ಸನ್ ಆಟಗಾರರಿಗೆ ಕ್ಷಮೆ ಕೇಳಿ ಪತ್ರ ಬರೆದರು. ಅದೇ ತಿಂಗಳು ಕಂಪನಿ ಸುಮಾರು 20% ನೌಕರರನ್ನು ತೆಗೆಯಿತು. ಕಂಪನಿಯ ತಪ್ಪು ತೀರ್ಮಾನದ ಬೆಲೆಯನ್ನು ಅದನ್ನು ತೀರ್ಮಾನಿಸದವರು ತೆತ್ತರು. ಇದನ್ನು ಓದುವಾಗಲೆಲ್ಲ ನನಗೆ ಬೇಜಾರಾಗುತ್ತದೆ. ನವೆಂಬರ್ ಕೊನೆಗೆ ಬಂದ ಕ್ರೂಸಿಬಲ್ ಅಪ್‌ಡೇಟ್ ಆಟಗಾರರು ಬಹಳ ದಿನದಿಂದ ಕೇಳುತ್ತಿದ್ದ ಸಣ್ಣಪುಟ್ಟ ದುರಸ್ತಿಗಳಿಂದ ತುಂಬಿತ್ತು. ಜನ ಕೇಳಿದ್ದು ಅದನ್ನೇ.

ಮತ ಎಣಿಸುವ ಬಗೆ

ಚುನಾವಣೆ ಎಂದ ಮೇಲೆ ಸಂಘಟಿತರಿಗೆ ಅನುಕೂಲ ಜಾಸ್ತಿ. ದೊಡ್ಡ ಒಕ್ಕೂಟ ತನ್ನ ಸದಸ್ಯರಿಗೆ "ಇವರಿಗೆ ಹಾಕಿ" ಎಂದು ಒಂದು ಪಟ್ಟಿ ಕೊಟ್ಟರೆ ಸಾಕು. ಒಬ್ಬಂಟಿಯಾಗಿ ಆಡುವವರಿಗೆ ಹಾಗೆ ಹೇಳುವವರಿಲ್ಲ. ಅವರಲ್ಲಿ ಹೆಚ್ಚಿನವರು ಮತ ಹಾಕುವುದೂ ಇಲ್ಲ. ಇದನ್ನು ಸ್ವಲ್ಪ ಸರಿದೂಗಿಸಲು 2013ರ ಚುನಾವಣೆಯಿಂದ ಪ್ರಾಶಸ್ತ್ಯದ ಮತ ತಂದರು. ಒಬ್ಬರಿಗೆ ಮಾತ್ರ ಗುರುತು ಹಾಕುವ ಬದಲು 1, 2, 3 ಎಂದು ಕ್ರಮವಾಗಿ ಬರೆಯುವುದು.

ಒಂದು ಸಣ್ಣ ಲೆಕ್ಕ ಮಾಡೋಣ. ಇದು ನಾನೇ ಮಾಡಿಕೊಂಡ ಉದಾಹರಣೆ. 3 ಸ್ಥಾನ, 100 ಮತ. ಒಕ್ಕೂಟದ ಇಬ್ಬರಿಗೆ 25 ಮತ್ತು 23. ಉಳಿದ ನಾಲ್ವರು ಸ್ವತಂತ್ರರಿಗೆ 16, 14, 12, 10. ಹಳೆಯ ರೀತಿಯಲ್ಲಿ ಮೇಲಿನ ಮೂವರು ಗೆಲ್ಲುತ್ತಾರೆ: 25, 23, 16. ಅಂದರೆ 48 ಮತದ ಒಕ್ಕೂಟಕ್ಕೆ 2 ಸ್ಥಾನ, 52 ಮತದ ಸ್ವತಂತ್ರರಿಗೆ 1.

ಈಗ ಪ್ರಾಶಸ್ತ್ಯದ ರೀತಿ. ಗೆಲ್ಲಲು ಬೇಕಾದ ಕೋಟಾ: 100 ಅನ್ನು 4ರಿಂದ (3 ಸ್ಥಾನಕ್ಕೆ 1 ಸೇರಿಸಿದ್ದು) ಭಾಗಿಸಿ 1 ಕೂಡಿಸಿ, 26. ಮೊದಲ ಸುತ್ತಿನಲ್ಲಿ ಯಾರಿಗೂ ಇಷ್ಟಿಲ್ಲ. ತೀರಾ ಕಡಿಮೆ ಇರುವ 10ರವರನ್ನು ತೆಗೆಯುತ್ತೇವೆ. ಅವರಿಗೆ ಮತ ಹಾಕಿದವರ ಎರಡನೇ ಆಯ್ಕೆ 16ರವರು ಎಂದುಕೊಳ್ಳಿ. 16ಕ್ಕೆ 10 ಸೇರಿ 26, ಅವರು ಗೆದ್ದರು. ಮುಂದೆ 12ರವರು ಹೊರಗೆ, ಆ ಮತ 14ರವರಿಗೆ ಹೋಯಿತು. ಅವರಿಗೂ 26, ಗೆದ್ದರು. ಉಳಿದದ್ದು ಒಂದು ಸ್ಥಾನ, ಅದು ಒಕ್ಕೂಟದ 25ರವರಿಗೆ. ಮತ ಒಂದೂ ಬದಲಾಗಿಲ್ಲ. ಫಲಿತಾಂಶ ಮಾತ್ರ ತಿರುಗಿತು.

ಈಗ ಇನ್ನೊಂದು ಸಲ ಮಾಡಿ. ಆ 10 ಜನ ಎರಡನೇ ಆಯ್ಕೆ ಬರೆಯದೆ ಸುಮ್ನೆ ಬಿಟ್ಟಿದ್ದರೆ? 12ರವರ ಮತ ಸೇರಿ 14ರವರು ಗೆಲ್ಲುತ್ತಾರೆ. ಆದರೆ 16ರವರು ಅಲ್ಲೇ ನಿಂತು ಹೊರಗೆ ಬೀಳುತ್ತಾರೆ, ಒಕ್ಕೂಟಕ್ಕೆ ಮತ್ತೆ 2 ಸ್ಥಾನ. ಹೀಗೆ ಎಣಿಕೆ ಎಷ್ಟೇ ಚೆನ್ನಾಗಿದ್ದರೂ ಪಟ್ಟಿಯನ್ನು ಪೂರ್ತಿ ತುಂಬುವವರಿಗೇ ಅದರ ಲಾಭ. ಒಕ್ಕೂಟದವರು ಅದನ್ನೂ ಚೆನ್ನಾಗಿ ಕಲಿತಿದ್ದಾರೆ. ಇದನ್ನು ಮೋಸ ಎನ್ನಲು ನನಗೆ ಮನಸ್ಸಿಲ್ಲ. ಸಾವಿರಾರು ಜನರನ್ನು ಒಟ್ಟಿಗೆ ಇಟ್ಟುಕೊಂಡು ನಡೆಸುವವರಿಗೆ ಆಟದ ಬಿರುಕುಗಳು ಬೇರೆಯವರಿಗಿಂತ ಬೇಗ ಕಾಣುತ್ತವೆ. ಆದರೆ ಹೊಸಬರು ಯಾಕೆ ಬಿಟ್ಟುಹೋಗುತ್ತಿದ್ದಾರೆ ಎಂಬುದು ಅವರಿಗೆ ಅಷ್ಟು ಬೇಗ ಕಾಣುವುದಿಲ್ಲ.

ಗುಟ್ಟು

ಸದಸ್ಯರು ಎನ್‌ಡಿಎಗೆ, ಅಂದರೆ ಗುಟ್ಟು ಬಿಟ್ಟುಕೊಡುವುದಿಲ್ಲ ಎಂಬ ಕರಾರಿಗೆ, ಸಹಿ ಹಾಕುತ್ತಾರೆ. ಇಲ್ಲದಿದ್ದರೆ ಅರ್ಧ ಆಗಿರುವ ಕೆಲಸವನ್ನು ಕಂಪನಿ ತೋರಿಸುವುದಿಲ್ಲ. ಪೂರ್ತಿ ಆದ ಮೇಲೆ ತೋರಿಸಿದರೆ ಸಲಹೆಗೆ ಜಾಗವೇ ಇರುವುದಿಲ್ಲ. ಆದರೆ ಮುಂದೆ ಯಾವ ಸಾಮಾನಿಗೆ ಬೇಡಿಕೆ ಏರುತ್ತದೆ ಎಂದು ತಿಳಿದವರು ಅದೇ ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡುವ ಗೆಳೆಯರ ನಡುವೆಯೇ ಇರುತ್ತಾರೆ. ಅನುಮಾನಕ್ಕೆ ಯಾವಾಗಲೂ ದಾರಿ ಇದ್ದೇ ಇದೆ.

2019ರ ಏಪ್ರಿಲ್‌ನಲ್ಲಿ ಒಬ್ಬ ಸದಸ್ಯರು ಗುಟ್ಟು ಹಂಚಿದರು ಎಂದು ಕಂಪನಿ ಅವರನ್ನು ಕೌನ್ಸಿಲ್‌ನಿಂದ ತೆಗೆದು, ಖಾತೆಗಳನ್ನೂ ನಿಷೇಧಿಸಿ, ಬಹಿರಂಗವಾಗಿ ಹೇಳಿತು. ಅವರು ಒಪ್ಪಲಿಲ್ಲ. ಮರುಪರಿಶೀಲನೆಯಲ್ಲಿ ಆರೋಪ ನಿಲ್ಲಲಿಲ್ಲ. ಕಂಪನಿ ತಪ್ಪು ಒಪ್ಪಿಕೊಂಡು ಕ್ಷಮೆ ಕೇಳಿತು. ಕರಾರು ಮುರಿದರೆ ಶಿಕ್ಷೆ ಇರಲಿ, ಬೇಕೇ ಬೇಕು. ಆದರೆ ಹೆಸರು ಹೇಳುವ ಮುಂಚೆ ಆ ವ್ಯಕ್ತಿಯ ಮಾತನ್ನೂ ಕೇಳುವ ಒಂದು ಹಂತ ಇರಬೇಕಿತ್ತು.

ಬೇರೆ ದಾರಿಗಳು

ಪ್ರತಿನಿಧಿಗಳೇ ಬೇಡ ಎಂಬ ದಾರಿಯೂ ಉಂಟು. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಎಂಬ ಆನ್‌ಲೈನ್ ಆಟ 2013ರಲ್ಲಿ ಹುಟ್ಟಿದ್ದೇ ಆಟಗಾರರ ಮತದಿಂದ. ಹೊಸದೇನಾದರೂ ಆಟಕ್ಕೆ ಸೇರಬೇಕಾದರೆ ಮತಕ್ಕೆ ಹಾಕುತ್ತಾರೆ. ಬಹುಕಾಲ 75% ಒಪ್ಪಿಗೆ ಬೇಕಿತ್ತು, 2022ರಲ್ಲಿ ಅದನ್ನು 70%ಕ್ಕೆ ಇಳಿಸಿದರು. ಇಲ್ಲಿ ಆಟಗಾರರಿಗೆ ಬೇಡ ಎನ್ನುವ ಶಕ್ತಿ ಇದೆ. ಆದರೆ ಹೌದು, ಬೇಡ ಎನ್ನುವ ಎರಡು ಉತ್ತರದ ನಡುವೆ "ಇದನ್ನು ಹೀಗೆ ತಿದ್ದಿದರೆ ಹೇಗೆ?" ಎಂದು ಕೇಳಲು ಜಾಗ ಕಡಿಮೆ. ಕೌನ್ಸಿಲ್ ಚೆನ್ನಾಗಿ ಮಾಡುವ ಕೆಲಸ ಅದೇ.

ಇನ್ನೂ ಹಳೆಯದು ಲ್ಯಾಂಬ್ಡಾಮೂ. 1990ರ ದಶಕದ, ಬರೀ ಅಕ್ಷರಗಳಲ್ಲೇ ನಡೆಯುತ್ತಿದ್ದ ಆನ್‌ಲೈನ್ ಲೋಕ. ಅದನ್ನು ನಡೆಸುತ್ತಿದ್ದವರನ್ನು ಮಾಂತ್ರಿಕರು ಎನ್ನುತ್ತಿದ್ದರು. ಜನರ ಜಗಳ ಬಿಡಿಸಿ ಸುಸ್ತಾದ ಅವರು 1992ರ ಕೊನೆಗೆ, ಇನ್ನು ಮುಂದೆ ತಾಂತ್ರಿಕ ಕೆಲಸ ಮಾತ್ರ ನಮ್ಮದು, ಸಮಾಜದ ವಿಷಯ ನಿಮ್ಮದು ಎಂದು ಹಿಂದೆ ಸರಿದರು. ಮನವಿ ಸಲ್ಲಿಸಿ ಮತ ಹಾಕುವ ವ್ಯವಸ್ಥೆ ಬಂತು. 1996ರಲ್ಲಿ ಅದೇ ಮಾಂತ್ರಿಕರು ಮತ್ತೆ ಬಂದು, ತಾಂತ್ರಿಕವನ್ನೂ ಸಾಮಾಜಿಕವನ್ನೂ ಬೇರೆ ಮಾಡಲು ಆಗುವುದೇ ಇಲ್ಲ ಎಂದು ಒಪ್ಪಿಕೊಂಡರು. ಈವ್‌ನಲ್ಲಿ ಒಂದು ಹಡಗಿನ ಬಲ ಇಳಿಸಿದಾಗ ಏನೇನಾಗುತ್ತದೆ ಎಂದು ಮೊದಲು ನೋಡಿದೆವಲ್ಲ, ಅದನ್ನು ಇದರ ಪಕ್ಕ ಇಟ್ಟು ಓದಿ.