ಅಂಡಮಾನ್‌ಗೆ ಹೊರಟಿದ್ದೀವಿ, ಬ್ಯಾಗಲ್ಲಿ ಏನೇನಿರಬೇಕು?

ಪ್ರಶ್ನೆ: ಡಿಸೆಂಬರ್‌ನಲ್ಲಿ ಆರು ದಿನ ಅಂಡಮಾನ್‌ಗೆ ಹೋಗ್ತಿದ್ದೀವಿ. ನಾವಿಬ್ಬರು, ಒಂಬತ್ತು ವರ್ಷದ ಮಗಳು, ಜೊತೆಗೆ ನಮ್ಮತ್ತೆ. ಬೀಚು ಅಂದ್ರೆ ಗೋಕರ್ಣ, ಮಲ್ಪೆ ಬಿಟ್ಟು ಬೇರೆ ನೋಡಿಲ್ಲ. ಎಷ್ಟು ಜೊತೆ ಬಟ್ಟೆ ಬೇಕು? ಇನ್ನೇನು ಮರೆಯಬಾರದು?

ಉತ್ತರ: ನವೆಂಬರ್ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಎಲ್ಲರೂ ಬಟ್ಟೆಯ ಲೆಕ್ಕದಿಂದಲೇ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಮೊದಲ ಸಲ ಹೋದಾಗ ಆರು ದಿನಕ್ಕೆ ಆರು ಜೊತೆ ಅಂತ ತುಂಬಿಕೊಂಡೆ. ಅದರಲ್ಲಿ ಎರಡು ಜೀನ್ಸ್. ಮೇಲಿಂದ ಎರಡು ದಪ್ಪ ಟರ್ಕಿ ಟವೆಲ್.

ಎರಡನೇ ದಿನ ಹ್ಯಾವ್‌ಲಾಕ್ ದ್ವೀಪದಲ್ಲಿ ಜೀನ್ಸನ್ನು ಮಂಡಿವರೆಗೆ ಮಡಚಿ ನೀರಿಗಿಳಿದೆ. ಒಂದೇ ಅಲೆ, ಸೊಂಟದವರೆಗೆ ತೊಪ್ಪೆ. ಆ ಜೀನ್ಸ್ ರೂಮಿನ ವರಾಂಡದಲ್ಲಿ ಮೂರು ದಿನ ನೇತಾಡಿತು, ಒಣಗಲಿಲ್ಲ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯೊಳಗೆ ಉಪ್ಪು ನೀರು ಬಿಡುತ್ತದಲ್ಲ, ಇದೂ ಅದೇ ಕಥೆ. ಬಟ್ಟೆಯಲ್ಲಿ ಉಳಿದ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ವಾಪಸ್ ಬರುವಾಗ ಏರ್‌ಪೋರ್ಟ್ ಕೌಂಟರ್‌ನಲ್ಲಿ ತೂಕಕ್ಕಿಟ್ಟರೆ 18 ಕಿಲೋ. ಹೋಗುವಾಗ 14 ಇತ್ತು. ನಡುವೆ ನಾನು ಕೊಂಡದ್ದು ಒಂದು ಕೀ ಚೈನ್ ಮಾತ್ರ. ಅಂಡಮಾನಿನ ಸಮುದ್ರದ ನೀರನ್ನು ದುಡ್ಡು ಕೊಟ್ಟು ಬೆಂಗಳೂರಿಗೆ ತಂದ ಪುಣ್ಯಾತ್ಮ ನಾನು.

ಹಾಗಾಗಿ ದಿನ ಎಣಿಸಬೇಡಿ. ಒಂದೊಂದು ಬಟ್ಟೆ ಒಣಗಲು ಎಷ್ಟು ಹೊತ್ತು ಬೇಕು ಅಂತ ನೋಡಿ. ರಾತ್ರಿ ಹಿಂಡಿ ಹಾಕಿದರೆ ಬೆಳಗ್ಗೆ ಹಾಕಿಕೊಳ್ಳುವಂತಿದ್ದರೆ ಮೂರು ಜೊತೆ ಧಾರಾಳವಾಗಿ ಸಾಕು. ತೆಳು ನೈಲಾನ್ ಚಡ್ಡಿ, ಆಟಕ್ಕೆ ಹಾಕುವ ಪಾಲಿಯೆಸ್ಟರ್ ಟೀ ಶರ್ಟ್, ತೆಳು ಕಾಟನ್ ಶರ್ಟ್, ಇಷ್ಟೇ. ಸಮುದ್ರದಿಂದ ಬಂದ ಬಟ್ಟೆಯನ್ನು ನಲ್ಲಿ ನೀರಿನಲ್ಲಿ ಒಂದು ಸಲ ಜಾಲಾಡಿಸಿ ಆಮೇಲೆ ನೇತುಹಾಕಿ. ಈ ಒಂದು ಕೆಲಸ ಮಾಡಿದ್ದರೆ ನನ್ನ ಜೀನ್ಸ್ ಕೂಡ ಒಣಗುತ್ತಿತ್ತೇನೋ. ನಾಲ್ಕು ಮೀಟರ್ ನೈಲಾನ್ ಹಗ್ಗ, ಹತ್ತು ಬಟ್ಟೆ ಕ್ಲಿಪ್ ಇಟ್ಟುಕೊಳ್ಳಿ. ಸಮುದ್ರದ ಗಾಳಿಗೆ ಕ್ಲಿಪ್ ಇಲ್ಲದ ಬಟ್ಟೆ ಪಕ್ಕದ ರೂಮಿನವರ ಪಾಲು.

ಟವೆಲ್ ವಿಷಯಕ್ಕೆ ಬಂದರೆ ನಮ್ಮ ಕರಾವಳಿಯವರು ಬುದ್ಧಿವಂತರು. ಅವರ ಬೈರಾಸು ತೆಳ್ಳಗಿರುತ್ತದೆ, ಮೈ ಒರೆಸುತ್ತದೆ, ತಲೆಗೆ ಸುತ್ತಿದರೆ ನೆರಳು, ಸೊಂಟಕ್ಕೆ ಸುತ್ತಿದರೆ ಬಟ್ಟೆ ಬದಲಿಸುವ ಕೋಣೆ. ಗಾಳಿಗೆ ಹಿಡಿದರೆ ಅರ್ಧ ಗಂಟೆಯಲ್ಲಿ ಒಣಗುತ್ತದೆ. ಒಬ್ಬೊಬ್ಬರಿಗೆ ಎರಡೆರಡು ಇಡಿ. ಟರ್ಕಿ ಟವೆಲ್ ಮನೆಯಲ್ಲೇ ಇರಲಿ.

ಹೆಂಗಸರು ಚೂಡಿದಾರ್‌ನಲ್ಲೇ ನೀರಿಗಿಳಿಯುವುದನ್ನು ತುಂಬಾ ಸಲ ನೋಡಿದ್ದೇನೆ. ಮುಜುಗರ ಅರ್ಥವಾಗುತ್ತದೆ. ಆದರೆ ಒದ್ದೆಯಾದ ಕಾಟನ್ ಪ್ಯಾಂಟು ಕಾಲಿಗೆ ಸುತ್ತಿಕೊಂಡರೆ ಅಲೆಯಲ್ಲಿ ನಿಲ್ಲುವುದೇ ಕಷ್ಟ. ದುಪಟ್ಟಾ ಅಂತೂ ಬೇಡವೇ ಬೇಡ. ನೈಲಾನ್ ಲೆಗ್ಗಿಂಗ್ಸ್, ಮೇಲೆ ತೊಡೆಯವರೆಗೆ ಬರುವ ತುಂಬುತೋಳಿನ ಈಜು ಟೀ ಶರ್ಟ್ ಹಾಕಿದರೆ ಮೈ ಮುಚ್ಚುತ್ತದೆ, ಬಿಸಿಲೂ ತಾಗದು. ನಿಮ್ಮತ್ತೆಯವರು ಸೀರೆಯಲ್ಲೇ ಇರುತ್ತೇನೆ ಅಂದರೆ ಇರಲಿ ಬಿಡಿ, ಸಿಂಥೆಟಿಕ್ ಸೀರೆ ಇಟ್ಟುಕೊಳ್ಳಲಿ, ಪಾದ ಮುಳುಗುವಷ್ಟು ನೀರಿನಲ್ಲಿ ನಿಲ್ಲಲಿ. ಪ್ಯಾಡ್ ಬೇಕಾಗುವವರು ಊರಿನಿಂದಲೇ ತಗೊಂಡು ಹೋಗಿ. ಸಣ್ಣ ದ್ವೀಪದ ಅಂಗಡಿಯಲ್ಲಿ ನಿಮಗೆ ಬೇಕಾದದ್ದೇ ಸಿಗುತ್ತದೆ ಅಂತ ನಂಬಿಕೊಳ್ಳಬೇಡಿ.

ಚಪ್ಪಲಿ ಬಗ್ಗೆ ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಬಟ್ಟೆಗಿಂತ ಅದು ಮುಖ್ಯ. ಮಲ್ಪೆಯಲ್ಲಿ ಬರಿಗಾಲಲ್ಲಿ ಓಡಾಡಿದ ಹಾಗೆ ಅಂಡಮಾನಿನಲ್ಲಿ ಎಲ್ಲ ಕಡೆ ಓಡಾಡಲಾಗುವುದಿಲ್ಲ. ಹ್ಯಾವ್‌ಲಾಕ್‌ನ ರಾಧಾನಗರ ಬೀಚಿನಲ್ಲಿ ಮರಳು ಹಿಟ್ಟಿನ ಹಾಗಿದೆ, ಅಲ್ಲಿ ಪರವಾಗಿಲ್ಲ. ನೀಲ್ ದ್ವೀಪಕ್ಕೆ ಹೋದರೆ ಸತ್ತ ಹವಳದ ಚೂರುಗಳೇ ನೆಲ. ಅಲ್ಲಿನ ಕಲ್ಲಿನ ಕಮಾನು ನೋಡಲು ಇಳಿತದ ಹೊತ್ತಿಗೆ ಪಾಚಿ ಹಿಡಿದ ಬಂಡೆ ಮೇಲೆ ನಡೆಯಬೇಕು. ಹವಾಯಿ ಚಪ್ಪಲಿ ಹಾಕಿದವರ ಕಾಲು ಒಂದು ಕಡೆ, ಚಪ್ಪಲಿ ಇನ್ನೊಂದು ಕಡೆ. ಹಿಮ್ಮಡಿಗೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಬೇಕು, ಒದ್ದೆಯಾದರೂ ಕೆಡದಂಥದ್ದು. ಹವಳ ಗೀರಿದ ಗಾಯ ಬೇಗ ಮಾಯುವುದಿಲ್ಲ. ಒಳಗೆ ಸಣ್ಣ ಚೂರು ಉಳಿದುಬಿಡುತ್ತದೆ. ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಬೆಟಾಡಿನ್ ಹಚ್ಚಬೇಕು. ಬೆಟಾಡಿನ್ ಟ್ಯೂಬ್ ಮತ್ತು ನೀರಿಗೆ ಏಳದ ಪ್ಲಾಸ್ಟರ್ ಹೊರಗಿನ ಜೇಬಿನಲ್ಲೇ ಇರಲಿ.

ಬಿಸಿಲಿಗೆ ಸನ್‌ಸ್ಕ್ರೀನ್ ಬೇಕು, ಸರಿ. ಆದರೆ ತುಂಬುತೋಳಿನ ಅಂಗಿಗಿಂತ ಒಳ್ಳೆಯ ಸನ್‌ಸ್ಕ್ರೀನ್ ಇಲ್ಲ. ಸ್ನಾರ್ಕೆಲಿಂಗ್ (ಬಾಯಲ್ಲಿ ಉಸಿರಿನ ಕೊಳವೆ ಕಚ್ಚಿ ನೀರಿನ ಮೇಲೆ ತೇಲುವುದು) ಮಾಡುವಾಗ ಮುಖ ನೀರಿನೊಳಗೆ, ಬೆನ್ನು ಸೂರ್ಯನಿಗೆ. ಕೆಳಗೆ ಮೀನು ನೋಡುತ್ತ ಒಂದು ಗಂಟೆ ಕಳೆದದ್ದೇ ತಿಳಿಯುವುದಿಲ್ಲ. ರಾತ್ರಿ ಮಲಗುವಾಗ ಕುತ್ತಿಗೆಯ ಹಿಂಭಾಗ, ಮಂಡಿಯ ಹಿಂಬದಿ ಉರಿಯತೊಡಗಿದಾಗ ತಿಳಿಯುತ್ತದೆ. ಬಟ್ಟೆ ಮುಚ್ಚದ ಜಾಗಕ್ಕೆ ಮಾತ್ರ ಎಸ್‌ಪಿಎಫ್ 50 ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಕೊಳ್ಳುವಾಗ ಹಿಂದಿನ ಚೀಟಿ ಓದಿ, ಆಕ್ಸಿಬೆನ್‌ಜೋನ್ ಅಂತಿದ್ದರೆ ಬಿಡಿ, ಜಿಂಕ್ ಆಕ್ಸೈಡ್ ಇರುವುದನ್ನು ತಗೊಳ್ಳಿ. ಹವಳಕ್ಕೆ ಕೆಡುಕು ಅಂತ ಅಮೆರಿಕದ ಹವಾಯಿ ರಾಜ್ಯದಲ್ಲಿ 2021ರಿಂದ ಆಕ್ಸಿಬೆನ್‌ಜೋನ್ ಇರುವ ಕ್ರೀಮನ್ನು ಅಂಗಡಿಯಲ್ಲಿ ಮಾರುವಂತಿಲ್ಲ. ನಮ್ಮಲ್ಲಿ ಯಾರೂ ತಡೆಯುವುದಿಲ್ಲ, ಆದರೆ ನಾವು ದುಡ್ಡು ಕೊಟ್ಟು ನೋಡಲು ಹೋಗುವುದು ಅದೇ ಹವಳವನ್ನು ಅಲ್ವಾ?

ಮಗಳಿಗೆ ಸ್ನಾರ್ಕೆಲಿಂಗ್ ಮಾಸ್ಕ್ ಇಲ್ಲಿಂದಲೇ ಕೊಂಡು ಹೋಗಿ. ಬಾಡಿಗೆಗೆ ಸಿಗುವುದು ದೊಡ್ಡವರ ಮುಖದ ಅಳತೆಯದು, ಪಕ್ಕದಿಂದ ನೀರು ನುಗ್ಗುತ್ತದೆ, ಮಗು ಹೆದರಿ ಮತ್ತೆ ನೀರಿಗೇ ಇಳಿಯುವುದಿಲ್ಲ. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಎಳೆದುಕೊಳ್ಳಲು ಹೇಳಿ, ಕೈ ಬಿಡಿ. ಬೀಳದೆ ಅಂಟಿಕೊಂಡು ನಿಂತರೆ ಅದು ಅವಳ ಮಾಸ್ಕ್. ಗಾಳಿಯ ಸಿಲಿಂಡರ್ ಹೊತ್ತು ಆಳಕ್ಕಿಳಿಯುವ ಸ್ಕೂಬಾಗೆ ಸಾಮಾನ್ಯವಾಗಿ 10 ವರ್ಷ ತುಂಬಿರಬೇಕು, ಆ ಆಸೆ ಈಗಲೇ ಹುಟ್ಟಿಸಬೇಡಿ. ಕನ್ನಡಕ ಹಾಕುವವರು ಗಮನಿಸಿ: ಕನ್ನಡಕದ ಮೇಲೆ ಮಾಸ್ಕ್ ಕೂರುವುದಿಲ್ಲ. ನಂಬರ್ ಜಾಸ್ತಿ ಇದ್ದರೆ ಪವರ್ ಗಾಜಿನ ಮಾಸ್ಕ್ ಸಿಗುತ್ತದೆ.

ಟಾರ್ಚ್. ನಗಬೇಡಿ. ಅಂಡಮಾನ್ ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿದೆ. ಭೂಮಿ ಗಂಟೆಗೆ ತಿರುಗುವುದು ಅಷ್ಟೇ ಡಿಗ್ರಿ. ಅಂದರೆ ಸೂರ್ಯ ಅಲ್ಲಿಗೆ ಒಂದು ಗಂಟೆ ಮೊದಲೇ ಬರುತ್ತಾನೆ, ಮೊದಲೇ ಹೋಗುತ್ತಾನೆ. ಗಡಿಯಾರ ಮಾತ್ರ ನಮ್ಮದೇ. ಡಿಸೆಂಬರ್‌ನಲ್ಲಿ ಸಂಜೆ 5ರ ಸುಮಾರಿಗೆ ಸೂರ್ಯ ಮುಳುಗಿ, ಐದೂವರೆ ದಾಟಿದರೆ ಕತ್ತಲೆ. ರಾಧಾನಗರದಲ್ಲಿ ಸೂರ್ಯಾಸ್ತ ನೋಡಿ ಮರಗಳ ಕೆಳಗಿನಿಂದ ಬರುವಾಗ ಬೇರು, ಕಲ್ಲು, ಶಂಖ ಹೊತ್ತು ಓಡುವ ಏಡಿಗಳು, ಒಂದೂ ಕಾಣುವುದಿಲ್ಲ. ಇಡೀ ದಿನ ಫೋಟೊ ತೆಗೆದು ಮೊಬೈಲ್ ಆಗಲೇ ಕೊನೆಯುಸಿರು ಎಳೆಯುತ್ತಿರುತ್ತದೆ. ಅಂಗೈಯಲ್ಲಿ ಹಿಡಿಯುವ ಟಾರ್ಚ್ ಒಂದು ಅತ್ತೆಯವರ ಕೈಯಲ್ಲಿರಲಿ.

ಅದೇ ಹೊತ್ತಿಗೆ ಮರಳು ನೊಣ ಏಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದು. ಕಚ್ಚಿದಾಗ ಗೊತ್ತಾಗುವುದಿಲ್ಲ, ಮರುದಿನ ಕಾಲ ತುಂಬ ಕೆಂಪು ಗುಳ್ಳೆ, ವಾರವಿಡೀ ತುರಿಕೆ. ಸಂಜೆಗೆ ಉದ್ದ ತೆಳು ಪೈಜಾಮ ಹಾಕಿ, ಮರಳಿನ ಮೇಲೆ ನೇರ ಕೂರಬೇಡಿ. ಕಾಲಿಗೆ ತೆಂಗಿನೆಣ್ಣೆ ದಪ್ಪಗೆ ಸವರಿಕೊಳ್ಳುವ ಉಪಾಯ ನನಗೆ ಕೆಲಸ ಮಾಡಿದೆ. ಸೊಳ್ಳೆ ಕ್ರೀಮೂ ಇರಲಿ. ತುರಿಕೆಗೆ ಸಿಟ್ರಿಜಿನ್ ಮಾತ್ರೆ ಇಡಿ.

ಮಾತ್ರೆ ಅಂದಾಗ ದೊಡ್ಡದೊಂದು ಉಳಿದಿದೆ. ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್‌ಗೆ ಫೆರ್ರಿಯಲ್ಲಿ ಒಂದೂವರೆ ಎರಡು ಗಂಟೆ. ಗಾಳಿ ಜೋರಿದ್ದ ದಿನ ಏಸಿ ಕ್ಯಾಬಿನ್ನಿನಲ್ಲಿ ಒಬ್ಬರು ವಾಂತಿ ಮಾಡಿದರೆ ಸಾಕು, ಸಾಲು ಸಾಲಾಗಿ ಶುರುವಾಗುತ್ತದೆ. ಅವೊಮಿನ್ ಥರದ ಮಾತ್ರೆಯನ್ನು ಹತ್ತುವುದಕ್ಕೆ ಒಂದೆರಡು ಗಂಟೆ ಮೊದಲೇ ತಗೊಳ್ಳಬೇಕು. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ. ನಿದ್ದೆ ಬರಿಸುತ್ತದೆ. ಮಗಳಿಗೆ ಎಷ್ಟು ಕೊಡಬೇಕು, ಅತ್ತೆಯವರ ಬೇರೆ ಮಾತ್ರೆಗಳ ಜೊತೆ ಹೊಂದುತ್ತದೆಯೇ ಅಂತ ನಿಮ್ಮ ಡಾಕ್ಟರನ್ನು ಕೇಳಿಕೊಂಡು ಹೊರಡಿ. ಶುಂಠಿ ಪೆಪ್ಪರ್‌ಮಿಂಟ್, ಎರಡು ನಿಂಬೆಹಣ್ಣು, ನಾಲ್ಕು ಕವರ್ ಕೈಚೀಲದಲ್ಲಿರಲಿ. ಅತ್ತೆಯವರ ಬಿಪಿ, ಶುಗರ್ ಮಾತ್ರೆ ಆರು ದಿನಕ್ಕಲ್ಲ, ಹತ್ತು ದಿನಕ್ಕೆ ಇಡಿ. ಹವೆ ಕೆಟ್ಟರೆ ಫೆರ್ರಿ ನಿಲ್ಲುತ್ತದೆ, ನೀವು ಇದ್ದಲ್ಲೇ ಇರಬೇಕಾಗುತ್ತದೆ.

ಟಿಕೆಟ್‌ನಲ್ಲಿ ಹ್ಯಾವ್‌ಲಾಕ್ ಬದಲು ಸ್ವರಾಜ್ ದ್ವೀಪ, ನೀಲ್ ಬದಲು ಶಹೀದ್ ದ್ವೀಪ ಅಂತ ಇದ್ದರೆ ಗಾಬರಿಯಾಗಬೇಡಿ. 2018ರಲ್ಲಿ ಹೆಸರು ಬದಲಾಯಿತು. ಪೋರ್ಟ್ ಬ್ಲೇರ್ ಕೂಡ 2024ರಿಂದ ಶ್ರೀ ವಿಜಯ ಪುರಂ. ಆಧಾರ್ ಮೂಲ ಕಾರ್ಡ್ ಎಲ್ಲರದೂ ಇರಲಿ, ಮಗಳದೂ ಸೇರಿ. ಟಿಕೆಟ್, ಹೋಟೆಲ್ ಬುಕಿಂಗ್ ಕಾಗದದಲ್ಲಿ ಪ್ರಿಂಟ್ ತೆಗೆದುಕೊಳ್ಳಿ. 2020ರ ಆಗಸ್ಟ್‌ನಲ್ಲಿ ಚೆನ್ನೈಯಿಂದ ಸಮುದ್ರದಡಿ ಕೇಬಲ್ ಬಂದ ಮೇಲೆ ನೆಟ್‌ವರ್ಕ್ ಎಷ್ಟೋ ಸುಧಾರಿಸಿದೆ. ಆದರೂ ಎಳನೀರಿನವನ ಮುಂದೆ ನಿಂತು ಫೋನ್‌ಪೇ ಚಕ್ರ ತಿರುಗುವುದನ್ನು ನೋಡುವ ಭಾಗ್ಯ ಇದ್ದೇ ಇದೆ. ಎರಡು ದಿನದ ಖರ್ಚಿಗಾಗುವಷ್ಟು ನಗದು ಇಡಿ. ಅದರಲ್ಲಿ ಅರ್ಧ ಸಣ್ಣ ನೋಟು.

ಬಾರಾಟಾಂಗ್ ದ್ವೀಪದ ಸುಣ್ಣದಕಲ್ಲಿನ ಗುಹೆಗೆ ಹೋಗುವ ಯೋಚನೆ ಇದ್ದರೆ ಒಂದು ಮಾತು. ನಸುಕಿನಲ್ಲೇ ಹೊರಡಬೇಕು, ಜಾರವಾ ಬುಡಕಟ್ಟಿನವರ ಕಾಡಿನ ನಡುವೆ ಗಾಡಿಗಳು ಒಟ್ಟಾಗಿ ಸಾಲಿನಲ್ಲಿ ಹೋಗುತ್ತವೆ, ಎಲ್ಲೂ ನಿಲ್ಲಿಸುವಂತಿಲ್ಲ. ತಿಂಡಿ ನಿಮಗೆ ಮಾತ್ರ. ಅವರಿಗೆ ಬಿಸ್ಕತ್ತು ಎಸೆಯುವುದು, ಫೋಟೊ ತೆಗೆಯುವುದು ಎರಡೂ ಅಪರಾಧ. ಕ್ಯಾಮೆರಾ ಬ್ಯಾಗಿನೊಳಗೇ ಇರಲಿ.

ತಿಂಡಿಯ ಮಾತು ಬಂತಲ್ಲ. ಅಲ್ಲಿ ಬಂಗಾಳಿಗಳು, ತಮಿಳರು, ತೆಲುಗರು ಎಲ್ಲ ನೆಲೆಸಿದ್ದಾರೆ. ಅನ್ನ ಸಾರಿಗೆ ಬರ ಇಲ್ಲ, ಸಸ್ಯಾಹಾರವೂ ಸಿಗುತ್ತದೆ. ಹಾಗಾಗಿ ಅರ್ಧ ಬ್ಯಾಗು ಚಕ್ಕುಲಿ, ಕೋಡುಬಳೆ ತುಂಬುವುದು ಬೇಡ. ಸ್ವಲ್ಪ ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ ಸಾಕು. ಉಪ್ಪಿನಕಾಯಿ ಬಾಟಲಿ ಇಟ್ಟರೆ ಎರಡು ಕವರ್ ಸುತ್ತಿ ಚೆಕ್-ಇನ್ ಬ್ಯಾಗಿಗೆ ಹಾಕಿ. ನಮ್ಮ ಮನೆಯ ಒಂದು ಬಿಳಿ ಬೈರಾಸು ಇವತ್ತಿಗೂ ಮಾವಿನಕಾಯಿ ಬಣ್ಣದಲ್ಲಿದೆ.

ಬ್ಯಾಗೇ ಯಾವುದು? ಚಕ್ರದ ಟ್ರಾಲಿ ಬೇಡ ಅಂತ ಹೇಳುತ್ತೇನೆ. ಜೆಟ್ಟಿಯಲ್ಲಿ ಉದ್ದಕ್ಕೆ ನಡೆಯಬೇಕು, ಮೆಟ್ಟಿಲು ಇಳಿಯಬೇಕು, ಮರಳಿನಲ್ಲಿ ಚಕ್ರ ಹೂತುಹೋಗುತ್ತದೆ. ಬೆನ್ನಿಗೆ ಹಾಕುವ ಬ್ಯಾಗು ಒಳ್ಳೆಯದು, ಒಬ್ಬೊಬ್ಬರು ಅವರವರದನ್ನೇ ಹೊರುವಷ್ಟು. ಒಳಗೆ ಮೊದಲು ಒಂದು ದೊಡ್ಡ ಕಸದ ಕವರ್ ಹಾಸಿ, ಅದರೊಳಗೆ ಬಟ್ಟೆ ತುಂಬಿ ಗಂಟು ಹಾಕಿ. ಡಿಸೆಂಬರ್‌ನಲ್ಲೂ ಒಂದೊಂದು ಮಳೆ ಬರುತ್ತದೆ. ಛತ್ರಿ ಜೆಟ್ಟಿಯ ಗಾಳಿಗೆ ತಿರುವು ಮುರುವಾಗುತ್ತದೆ, ತೆಳು ರೇನ್‌ಕೋಟ್ ಇಡಿ. ಪವರ್ ಬ್ಯಾಂಕ್ ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಇರಬೇಕು. ಮೊಬೈಲ್‌ಗೆ ಕೊರಳಲ್ಲಿ ನೇತುಹಾಕುವ ನೀರು ಹೋಗದ ಕವರ್ ಕೊಂಡರೆ ಮೊದಲು ಅದರೊಳಗೆ ಟಿಶ್ಯೂ ಕಾಗದ ಇಟ್ಟು ಮನೆಯ ಬಕೆಟ್‌ನಲ್ಲಿ ಹತ್ತು ನಿಮಿಷ ಮುಳುಗಿಸಿ. ಕಾಗದ ಒಣಗೇ ಇದ್ದರೆ ಫೋನ್ ಹಾಕಿ.

ವಾಪಸ್ ಬರುವ ಹಿಂದಿನ ಸಂಜೆ ಸಮುದ್ರಕ್ಕೆ ಇಳಿಯದಿದ್ದರೆ ಎಲ್ಲ ಬಟ್ಟೆ ಒಣಗಿರುತ್ತದೆ. ಮಗಳು ಕೇಳುವುದಿಲ್ಲ, ಗೊತ್ತು. ಅವಳ ಒದ್ದೆ ಬಟ್ಟೆಗೆ ಒಂದು ಬೇರೆ ಕವರ್ ಇರಲಿ. ಅದಕ್ಕೆ ಹಾಕುವ ಮೊದಲು ಚಡ್ಡಿಯ ಜೇಬಿಗೆ ಕೈ ಹಾಕಿ ನೋಡಿ. ದಡದಲ್ಲಿ ಬಿದ್ದದ್ದೇ ಆದರೂ ಹವಳ ತರುವಂತಿಲ್ಲ, ಅದಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ದಡದಲ್ಲಿ ಆರಿಸಿದ ಚಿಪ್ಪನ್ನೂ ಬಿಡುವುದಿಲ್ಲ. ಏರ್‌ಪೋರ್ಟ್‌ನ ಎಕ್ಸ್‌ರೇಯಲ್ಲಿ ಸಿಕ್ಕಿಬಿದ್ದರೆ ಬ್ಯಾಗ್ ಬಿಚ್ಚಿಸುತ್ತಾರೆ. ಇಡೀ ಸಾಲಿನ ಮುಂದೆ ನಿಮ್ಮ ಒದ್ದೆ ಬಟ್ಟೆಗಳ ಪ್ರದರ್ಶನ ಆಗುತ್ತದೆ. ನಮ್ಮ ಮನೆಯ ಚಡ್ಡಿ ಜೇಬಿನಲ್ಲಿ ಸಿಕ್ಕಿದ್ದು ಮೂರು ಬಿಳಿ ಚೂರು, ಒಂದು ಶಂಖ. ಶಂಖದೊಳಗೆ ಏಡಿ ಇನ್ನೂ ಜೀವಂತ ಇತ್ತು. ರಾತ್ರಿ ಒಂಬತ್ತಕ್ಕೆ ಟಾರ್ಚ್ ಹಿಡಿದು ಅದನ್ನು ಬಿಟ್ಟುಬರಲು ಮತ್ತೆ ಬೀಚಿಗೆ ಹೋದೆವು.