ಲಿವರ್ ತುಂಬಾ ಚುಕ್ಕೆ, ಜೊತೆಗೆ ಪೋರ್ಟಲ್ ಪ್ರೆಷರ್ ಜಾಸ್ತಿ: ಇದರಿಂದಾನೇ ಅದು ಬಂತಾ?

ಪ್ರಶ್ನೆ: ಅಣ್ಣನಿಗೆ 34 ವರ್ಷ, ಕುಡಿಯೋ ಅಭ್ಯಾಸ ಇಲ್ಲ. ಹೊಟ್ಟೆ ಸ್ಕ್ಯಾನ್‌ನಲ್ಲಿ ಲಿವರ್ ತುಂಬಾ ಸಣ್ಣ ಸಣ್ಣ ಗಂಟು ಕಾಣಿಸ್ತು. ಎಂಆರ್‌ಐ ಆದ್ಮೇಲೆ ಬಿಲಿಯರಿ ಹಮಾರ್ಟೋಮಾ, ಕ್ಯಾನ್ಸರ್ ಅಲ್ಲ ಅಂದ್ರು. ಆದ್ರೆ ಸ್ಪ್ಲೀನ್ (ಗುಲ್ಮ) ದೊಡ್ಡದಾಗಿದೆ, ಪೋರ್ಟಲ್ ಹೈಪರ್‌ಟೆನ್ಷನ್, ಅಂದ್ರೆ ಲಿವರ್‌ಗೆ ರಕ್ತ ತರೋ ನಾಳದಲ್ಲಿ ಒತ್ತಡ ಜಾಸ್ತಿ ಇದೆ ಅಂತಾನೂ ಬರ್ದಿದಾರೆ. ಆ ಗಂಟುಗಳಿಂದಾನೇ ಪ್ರೆಷರ್ ಏರಿದ್ಯಾ?

ಉತ್ತರ: ಬರೀ ಆ ಗಂಟುಗಳಿಂದ ಅಂತ ಹೇಳೋದು ಕಷ್ಟ. ಹಾಗಾಗಿ ಕ್ಯಾನ್ಸರ್ ಅಲ್ವಲ್ಲ ಅಂತ ಸಮಾಧಾನ ಮಾಡ್ಕೊಂಡು ಫೈಲ್ ಮುಚ್ಚಿಡಬೇಡಿ.

ಈ ಹಮಾರ್ಟೋಮಾಗಳಿಗೆ ವಾನ್ ಮೇಯೆನ್‌ಬರ್ಗ್ ಕಾಂಪ್ಲೆಕ್ಸ್ ಅಂತಾನೂ ಹೇಳ್ತಾರೆ, 1918ರಲ್ಲಿ ಆ ಹೆಸರಿನ ಸ್ವಿಸ್ ಪೆಥಾಲಜಿಸ್ಟ್ ಇದನ್ನ ವಿವರಿಸಿದ್ರು. ಮಗು ಗರ್ಭದಲ್ಲಿರುವಾಗ ಪೋರ್ಟಲ್ ರಕ್ತನಾಳದ ಕವಲುಗಳ ಸುತ್ತ ಜೀವಕೋಶಗಳ ಒಂದು ಪದರ ಬೆಳೆಯುತ್ತೆ, ಅದರಲ್ಲಿ ಸ್ವಲ್ಪ ಭಾಗ ಪಿತ್ತನಾಳ ಆಗುತ್ತೆ, ಉಳಿದಿದ್ದು ಕರಗಿಹೋಗ್ಬೇಕು. ಕರಗದೆ ಉಳ್ಕೊಂಡ ಚೂರುಗಳೇ ಇವು. ಹೆಚ್ಚಿನವು ಅರ್ಧ ಸೆಂಟಿಮೀಟರ್‌ಗಿಂತ ಚಿಕ್ಕವು, ಒಂದೂವರೆ ಸೆಂಟಿಮೀಟರ್ ದಾಟೋದು ಅಪರೂಪ. ಅಲ್ಟ್ರಾಸೌಂಡ್‌ನಲ್ಲಿ ಎಲ್ಲಿಂದಲೋ ಹರಡಿದ ಕ್ಯಾನ್ಸರ್ ಥರಾನೇ ಕಂಡು ಮನೆಯವರ ನಿದ್ದೆ ಕೆಡಿಸುತ್ತೆ, ಎಂಆರ್‌ಐನ ಟಿ2 ಚಿತ್ರದಲ್ಲಿ ಮಾತ್ರ ಅಮಾವಾಸ್ಯೆ ರಾತ್ರಿ ನಕ್ಷತ್ರದ ಹಾಗೆ ಬೆಳ್ಳಗೆ ಹೊಳೆಯುತ್ತೆ, ರೇಡಿಯಾಲಜಿಸ್ಟ್ ಅಲ್ಲೇ ಗುರುತು ಹಿಡೀತಾರೆ. ಪಿತ್ತನಾಳದ ಕ್ಯಾನ್ಸರ್‌ಗೆ ತಿರುಗಿದ ಕೇಸ್ ಇವೆ, ಆದ್ರೆ ತೀರಾ ವಿರಳ.

ಇನ್ನು ಪ್ರೆಷರ್ ವಿಷ್ಯ. ಕರುಳು, ಸ್ಪ್ಲೀನ್ ಕಡೆಯಿಂದ ಲಿವರ್‌ಗೆ ರಕ್ತ ತರೋದು ಪೋರ್ಟಲ್ ವೇನ್. ಲಿವರ್‌ಗೆ ಹೋಗೋ ಕಡೆಗೂ ಹೊರಗೆ ಬರೋ ಕಡೆಗೂ ಇರೋ ಒತ್ತಡದ ವ್ಯತ್ಯಾಸ ಸಾಮಾನ್ಯವಾಗಿ 5 ಮಿಲಿಮೀಟರ್ ಪಾದರಸದ (ಬಿಪಿ ಅಳೆಯೋ ಅದೇ ಅಳತೆ) ಒಳಗಿರುತ್ತೆ, 10 ದಾಟಿದ್ರೆ ಅನ್ನನಾಳದಲ್ಲಿ ರಕ್ತನಾಳ ಉಬ್ಬೋಕೆ ಶುರು, 12ರ ಮೇಲೆ ಒಡೆದು ರಕ್ತ ಬರೋ ಭಯ. ಇಷ್ಟಾಗ್ಬೇಕಂದ್ರೆ ಸಾಮಾನ್ಯವಾಗಿ ದಾರಿಯಲ್ಲಿ ಎಲ್ಲೋ ತಡೆ ಇರುತ್ತೆ.

ಅಲ್ಲಿ ನೋಡ್ಲೇಬೇಕಾದದ್ದು ಕಂಜೆನಿಟಲ್ ಹೆಪಾಟಿಕ್ ಫೈಬ್ರೋಸಿಸ್, ಅಂದ್ರೆ ಹುಟ್ಟಿನಿಂದಲೇ ಬರೋ ಲಿವರ್ ನಾರುಗಟ್ಟೋ ಕಾಯಿಲೆ. ಅದೇ ಪದರದ ದೋಷ, ಆದ್ರೆ ಇಲ್ಲಿ ಚೂರುಗಳ ಜೊತೆ ಪೋರ್ಟಲ್ ಕವಲುಗಳ ಸುತ್ತ ಗಟ್ಟಿ ನಾರು ಬೆಳೆದಿರುತ್ತೆ, ರಕ್ತ ತಡೆಯೋದು ಅದು. ಮೋಸ ಏನಂದ್ರೆ ಲಿವರ್ ಕೆಲಸ ಚೆನ್ನಾಗೇ ಇರುತ್ತೆ, ಎಲ್‌ಎಫ್‌ಟಿ (ಲಿವರ್‌ನ ರಕ್ತಪರೀಕ್ಷೆ) ಬಹುತೇಕ ನಾರ್ಮಲ್, ಎಷ್ಟೋ ಜನಕ್ಕೆ ರಕ್ತ ವಾಂತಿ ಆದಾಗ್ಲೇ ಗೊತ್ತಾಗೋದು. ಇದಲ್ಲದೆ ಪೋರ್ಟಲ್ ವೇನ್‌ನಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಹೆಪಟೈಟಿಸ್ ಬಿ, ಸಿ ಅಥವಾ ಫ್ಯಾಟಿ ಲಿವರ್‌ನಿಂದ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಡುಸಾಗೋದು) ಆಗಿರಬಹುದು, ನಮ್ಮ ದೇಶದಲ್ಲಿ ಸಿರೋಸಿಸ್ ಇಲ್ದೇನೂ ಪೋರ್ಟಲ್ ಪ್ರೆಷರ್ ಏರೋರು ಕಡಿಮೆ ಏನಿಲ್ಲ.

ಹಾಗಾಗಿ ಗ್ಯಾಸ್ಟ್ರೋ ಡಾಕ್ಟರ್ ಹತ್ರ ಡಾಪ್ಲರ್ (ರಕ್ತದ ಹರಿವು ನೋಡೋ ಸ್ಕ್ಯಾನ್) ಮತ್ತೆ ಎಂಡೋಸ್ಕೋಪಿ ಬಗ್ಗೆ ಕೇಳಿ, ಕೊನೆಗೆ ಲಿವರ್‌ನ ಚೂರು ತೆಗೆದು ನೋಡೋ ಬಯಾಪ್ಸಿನೂ ಬೇಕಾಗಬಹುದು. ಅನ್ನನಾಳದ ರಕ್ತನಾಳ ಉಬ್ಬಿದ್ರೆ ಪ್ರೆಷರ್ ಇಳಿಸೋ ಕಾರ್ವೆಡಿಲಾಲ್ ಥರದ ಮಾತ್ರೆ ಅಥವಾ ಉಬ್ಬಿದ ನಾಳಕ್ಕೆ ಬ್ಯಾಂಡ್ ಹಾಕೋದು, ಎರಡೂ ಇದೆ. ಅಲ್ಲೀವರೆಗೆ ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೇನ್ ನುಂಗೋದು ಬೇಡ. ಟಾರಿನ ಹಾಗೆ ಕಪ್ಪಗೆ ಮಲ ಹೋದ್ರೆ, ರಕ್ತ ವಾಂತಿ ಆದ್ರೆ ಬೆಳಗಾಗ್ಲಿ ಅಂತ ಕಾಯದೆ ಸೀದಾ ಎಮರ್ಜೆನ್ಸಿಗೆ.

ಕಿಡ್ನಿನೂ ನೋಡಿಸಿ, ಫೈಬ್ರೋಸಿಸ್ ಇದ್ದೋರಲ್ಲಿ ಹಲವರಿಗೆ ಕಿಡ್ನಿಯಲ್ಲಿ ನೀರುಗುಳ್ಳೆ ಇರುತ್ತೆ. ಆ ಫೈಬ್ರೋಸಿಸ್ ಪಿಕೆಎಚ್‌ಡಿ1 ಅನ್ನೋ ಜೀನ್‌ನ ದೋಷದಿಂದ ಬಂದಿದ್ದು ಅಂತ ಖಚಿತ ಆದ್ರೆ ಒಡಹುಟ್ಟಿದೋರಿಗೂ ಬರೋ ಸಾಧ್ಯತೆ 4ರಲ್ಲಿ 1, ಆಗ ಅಣ್ಣನ ಜೊತೆ ನಿಮ್ದೂ ಒಂದು ಸ್ಕ್ಯಾನ್ ಆಗ್ಬೇಕು.